ಎರಡಾಗಿ ಎದ್ದ ರಗೂಸ

ಇಟಲಿಯ ಸಿಸಿಲಿ ದ್ವೀಪದ ಆಗ್ನೇಯ ಮೂಲೆಯಲ್ಲಿರುವ ರಗೂಸದ ಮೇಲೂರಿನಿಂದ ಕೆಳಗಿಳಿಯುವ ಮೆಟ್ಟಿಲುಗಳ ದಾರಿಯಲ್ಲಿ ಸಾಂತಾ ಮರಿಯಾ ದೆಲ್ಲೆ ಸ್ಕಾಲೆ ಎಂಬ ಇಗರ್ಜಿಯಿದೆ. ಅದರ ಮುಂದಿನ ಬಯಲಿನಲ್ಲಿ ನಿಂತರೆ, ಎದುರಿನ ಗುಡ್ಡದ ಮೇಲೆ ಇಬ್ಲಾ ಎಂಬ ಹಳೆಯ ಊರು ಹೆಂಚಿನ ಮಾಡುಗಳು, ಗಂಟೆಗೋಪುರಗಳು ಮತ್ತು ಒಂದು ನೀಲಿ ಗುಮ್ಮಟದೊಂದಿಗೆ ಇಡಿಯಾಗಿ ಕಾಣುತ್ತದೆ. ಬೆನ್ನ ಹಿಂದೆ, ಪ್ರಸ್ಥಭೂಮಿಯ ಮೇಲೆ, ನೇರ ಬೀದಿಗಳ ಇನ್ನೊಂದು ಊರಿದೆ. ಅದೂ ರಗೂಸ, ಇದೂ ರಗೂಸ. ಭೂಕಂಪದಲ್ಲಿ ಬಿದ್ದು ಮರಳಿ ಕಟ್ಟಿದ ಊರೊಂದನ್ನು ನೋಡಲು ಬಂದಿದ್ದ ನಾನು, ಬಿದ್ದದ್ದು ಒಂದು ಊರು, ಎದ್ದದ್ದು ಎರಡು ಎಂಬುದನ್ನು ತಿಳಿದದ್ದು ಆ ಬಯಲಿನಲ್ಲಿ.

1693ರ ಜನವರಿ 9ರಂದು ಈ ಸೀಮೆಯಲ್ಲಿ ಮೊದಲು ನೆಲ ನಡುಗಿತು. ಎರಡು ದಿನ ಬಿಟ್ಟು, 11ರ ಭಾನುವಾರ, ದೊಡ್ಡ ಕಂಪನ ಬಂತು. ವಾಲ್ ದಿ ನೋತೊ ಎಂದು ಕರೆಯುತ್ತಿದ್ದ ಈ ಇಡೀ ಪ್ರಾಂತದಲ್ಲಿ ಸುಮಾರು 60,000 ಜನ ಸತ್ತರೆಂದು ಅಂದಾಜಿದೆ. ಕತಾನಿಯಾ ನಗರ ತನ್ನ ಜನರಲ್ಲಿ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ರಗೂಸದಲ್ಲಿ ಸತ್ತವರು 5,000ದಷ್ಟು, ಎಂದರೆ ಊರಿನ ಅರ್ಧ. ಆಗ ಸಿಸಿಲಿ ಸ್ಪೇನಿನ ದೊರೆಯ ಕೈಯಲ್ಲಿತ್ತು. ರಗೂಸ ಮಾತ್ರ ಮೋದಿಕಾದ ಕೌಂಟ್‌ ಎಂಬ ಪಾಳೆಯಗಾರನ ಸೀಮೆಗೆ ಸೇರಿತ್ತು; ತೆರಿಗೆ, ನ್ಯಾಯ, ಆಡಳಿತಗಳಲ್ಲಿ ರಾಜ್ಯದೊಳಗಿನ ರಾಜ್ಯದಂತೆ ನಡೆಯುತ್ತಿದ್ದ ಸೀಮೆಯದು. ಆ ಕೌಂಟ್‌ಗಳಾದ ಎನ್ರೀಕೆಸ್ ದೆ ಕಬ್ರೇರಾ ಮನೆತನದವರು ಸ್ಪೇನಿನಲ್ಲಿದ್ದರು.

ಕತಾನಿಯಾದಲ್ಲಿ ಓದುತ್ತಿರುವ ಅಕ್ಕನ ಮಗಳು ನನ್ನ ಜೊತೆಗಿದ್ದಳು. ಇಟಾಲಿಯನ್ ಅವಳಿಗೆ ಚೆನ್ನಾಗಿ ಬರುತ್ತದೆ. ಇಗರ್ಜಿಯ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಂತೆ, ನಾವು ಹೊತ್ತುಗೊತ್ತಿಲ್ಲದೆ ಕೆಳಗೆ ನೋಡುತ್ತ ನಿಂತದ್ದನ್ನು ಕಂಡು ಏನೋ ಕೇಳಿದರು. ಅವಳು ನಗುತ್ತ ನನ್ನ ಕಡೆ ತಿರುಗಿ, “ಚಿಕ್ಕಮ್ಮ, ನೀವು ಸಂತ ಜಾರ್ಜನ ಕಡೆಯೋ ಸಂತ ಯೋಹಾನನ ಕಡೆಯೋ ಎಂದು ಕೇಳುತ್ತಿದ್ದಾರೆ” ಎಂದಳು. ನಿನ್ನೆಯಷ್ಟೇ ಬಂದವರು ಎಂದು ಹೇಳಿಸಿದೆ. “ಹಾಗಾದರೆ ಕುಳಿತುಕೊಳ್ಳಿ, ಎರಡೂ ಕಡೆಯದನ್ನು ಕೇಳಿಕೊಂಡು ಹೋಗಿ” ಎಂದರು. ಅಂದು ಮೋದಿಕಾಕ್ಕೆ ಹೋಗಬೇಕೆಂದಿದ್ದ ನಾವು ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ.

ಅವರು ಕತೆಯನ್ನು ಭೂಕಂಪದಿಂದ ಆರಂಭಿಸದೆ ಹೊಲದಿಂದ ಆರಂಭಿಸಿದರು. ಹಣದ ಅಡಚಣೆಯಲ್ಲಿದ್ದ ಕೌಂಟ್‌ಗಳು ಭೂಕಂಪಕ್ಕೆ ಒಂದೆರಡು ಶತಮಾನ ಮೊದಲಿನಿಂದಲೇ ತಮ್ಮ ವಿಶಾಲ ಭೂಮಿಯನ್ನು ತುಂಡು ತುಂಡಾಗಿ ರೈತರಿಗೆ ಕಾಯಂ ಗುತ್ತಿಗೆಗೆ ಬಿಟ್ಟಿದ್ದರು. ವರ್ಷಕ್ಕಿಷ್ಟು ಎಂದು ಸಲ್ಲಿಸುತ್ತಿದ್ದರೆ ಹೊಲ ಮಕ್ಕಳು ಮೊಮ್ಮಕ್ಕಳವರೆಗೆ ಸಾಗುವುದು, ಅದರಲ್ಲಿ ಮಾಡಿದ ಸುಧಾರಣೆಯ ಫಲವೂ ಸಾಗುವಳಿದಾರನಿಗೇ ಸೇರುವುದು. ನಮ್ಮ ಕರಾವಳಿಯ ಮೂಲಗೇಣಿಯನ್ನು ಬಲ್ಲವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ. ಸಿಸಿಲಿಯ ಬೇರೆ ಭಾಗಗಳಲ್ಲಿ ಕಣ್ಣಳತೆಗೆ ಸಿಗದ ಜಮೀನುಗಳು ಒಬ್ಬೊಬ್ಬ ಧಣಿಯ ಕೈಯಲ್ಲಿದ್ದಾಗ, ಇಲ್ಲಿ ಮಸ್ಸಾರಿ ಎಂದು ಕರೆಸಿಕೊಳ್ಳುವ ಅನುಕೂಲಸ್ಥ ಒಕ್ಕಲಿನವರ ವರ್ಗವೊಂದು ಬೆಳೆಯಿತು. ಬಸ್ಸಿನ ಕಿಟಕಿಯಿಂದ ಮೈಲಿಗಟ್ಟಲೆ ಕಂಡಿದ್ದ, ಗಾರೆಯಿಲ್ಲದೆ ಸುಣ್ಣಕಲ್ಲಿನ ಮೇಲೆ ಸುಣ್ಣಕಲ್ಲು ಕೂರಿಸಿದ ತಗ್ಗಿನ ಗೋಡೆಗಳು ಅವರ ಹೊಲದ ಗಡಿಗಳು. ಅಲ್ಲಿಯವರೆಗೆ ಅವು ನನಗೆ ನೋಟಕ್ಕೆ ಚಂದವಾದ ಗೋಡೆಗಳಷ್ಟೇ ಆಗಿದ್ದವು.

ಊರು ಉರುಳಿದ ಮೇಲೆ ಎಲ್ಲಿ ಕಟ್ಟುವುದೆಂಬ ಪ್ರಶ್ನೆ ಎದ್ದಿತು. ಹಳೆಯ ಕುಲೀನ ಮನೆತನದವರಿಗೆ ತಮ್ಮ ಅರಮನೆಗಳ ಅಡಿಪಾಯ, ಹಿರಿಯರ ಸಮಾಧಿ, ಸಂತ ಜಾರ್ಜನ ಇಗರ್ಜಿ ಎಲ್ಲವೂ ಇಬ್ಲಾದ ಗುಡ್ಡದಲ್ಲಿದ್ದವು. ಮಸ್ಸಾರಿಗಳಿಗೆ ಪಾತ್ರೊ ಎಂಬ ಮೇಲಿನ ಬಯಲು ಬೇಕಿತ್ತು: ಅಲ್ಲಿ ನೇರ ಬೀದಿಗಳನ್ನು ಎಳೆಯಬಹುದು, ಬೆಳೆಯಲು ಜಾಗವಿದೆ, ಹೊಲಗಳು ಹತ್ತಿರ. ಅವರ ಸಂತ ಸ್ನಾನಿಕ ಯೋಹಾನ. ಎರಡು ಇಗರ್ಜಿಗಳ ನಡುವೆ ಅಗ್ರಸ್ಥಾನಕ್ಕಾಗಿ ಜಗಳ ಮೊದಲೇ ಇತ್ತು. ಭೂಕಂಪ ಅದಕ್ಕೆ ನೆಲವನ್ನು ಒದಗಿಸಿತು. ಯೋಹಾನನ ಒಕ್ಕಲಿನವರು 1694ರಲ್ಲಿಯೇ ಮೇಲೆ ತಮ್ಮ ಹೊಸ ಇಗರ್ಜಿಯನ್ನು ಎಬ್ಬಿಸಿದರು. ಜಾರ್ಜನವರು ಕೆಳಗೇ ಉಳಿದು, ಮಧ್ಯಯುಗದ ಇಕ್ಕಟ್ಟಾದ ಓಣಿಗಳ ಮೇಲೆಯೇ ಬರೋಕ್ ಎಂಬ ಬಾಗು ಬಳುಕಿನ ಅಲಂಕಾರಶೈಲಿಯ ಮುಖದ ಮನೆಗಳನ್ನು ಕಟ್ಟಿದರು.

ಕೌಂಟ್ ಒಂದು ಮಾತು ಹೇಳಿ ಎಲ್ಲರನ್ನೂ ಒಂದೆಡೆ ಸೇರಿಸಬಹುದಿತ್ತಲ್ಲವೆ ಎಂದು ನಾನು ಕೇಳಿಸಿದೆ. ಆ ಪ್ರಶ್ನೆಗೆ ಕಾರಣವಿತ್ತು. ಇದೇ ಭೂಕಂಪದ ಬಳಿಕ ನೋತೊ ನಗರವನ್ನು ಅದರ ಹಳೆಯ ಬೆಟ್ಟದಿಂದ ಎಬ್ಬಿಸಿ ಬೇರೆಡೆ ಕಟ್ಟುವ ಹೊಣೆಯನ್ನು ಕಮಾಸ್ತ್ರದ ಡ್ಯೂಕ್‌ ಜುಸೆಪ್ಪೆ ಲಾಂತ್ಸಾ ಹೊತ್ತಿದ್ದ. ಬುತೇರಾದ ರಾಜಕುಮಾರ ಕಾರ್ಲೊ ಮರಿಯಾ ಕರಾಫ ತನ್ನ ನಾಶವಾದ ಒಕ್ಕಿಯೊಲಾದ ಬದಲಿಗೆ ಗ್ರಮ್ಮಿಕೇಲೆಯನ್ನು ಆರು ಮೂಲೆಯ ಚೌಕದ ಸುತ್ತ ರೇಖಾಚಿತ್ರ ಬರೆಸಿ ಕಟ್ಟಿಸಿದ. ಅಲ್ಲಿ ಧಣಿಯ ಇಚ್ಛೆಯೇ ನಕ್ಷೆಯಾಯಿತು. ಹಿರಿಯರು ತಲೆಯಾಡಿಸಿದರು: “ಸ್ಪೇನಿನಲ್ಲಿದ್ದವನಿಗೆ ಗುತ್ತಿಗೆಯ ಹಣ ಬರಬೇಕು. ಅದನ್ನು ಕೊಡುತ್ತಿದ್ದವರು ಮೇಲೆ ಹೋಗುತ್ತೇವೆಂದರೆ ಬೇಡವೆನ್ನಲು ಅವನಿಗೇನು?” ಇದು ದಾಖಲೆಯ ಮಾತಲ್ಲ, ಅವರ ತರ್ಕ. ಆದರೆ ಭೂಕಂಪದಿಂದ ಮನೆಮಠ ಕಳೆದುಕೊಂಡು ನಿಂತ ಒಕ್ಕಲಿನವರು, ಕುಲೀನರು ತೋರಿದ ಜಾಗಕ್ಕೆ ಮರಳದೆ ತಮ್ಮ ಊರನ್ನು ತಾವೇ ಆರಿಸಿಕೊಂಡರೆಂಬುದು ನನ್ನ ಮನಸ್ಸನ್ನು ಬಹಳ ತಟ್ಟಿತು. ಸಿಸಿಲಿಯಲ್ಲಿ ಊಳಿಗಮಾನ್ಯ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1812ರಲ್ಲಿ. ಇವರು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಇಷ್ಟು ಸ್ವತಂತ್ರವಾಗಿ ನಡೆದುಕೊಂಡಿದ್ದರು.

ಆ ಮಾತು ಕೇಳಿದ ಮೇಲೆ ಸಾಂತಾ ಮರಿಯಾ ಇಗರ್ಜಿಯೊಳಗೆ ಹೋದಾಗ ಕಂಡದ್ದು ಬೇರೆಯೇ ಆಗಿತ್ತು. ಬಲಗಡೆಯ ಸಾಲಿನಲ್ಲಿ ಭೂಕಂಪಕ್ಕೆ ಮೊದಲಿನ ಗಾಥಿಕ್ ಕಮಾನುಗಳು, ಅವುಗಳ ನಡುವೆ 1538ರ ಸುಟ್ಟ ಮಣ್ಣಿನ ಉಬ್ಬುಶಿಲ್ಪದಲ್ಲಿ ಮರಿಯಮ್ಮನ ಮರಣದ ದೃಶ್ಯ; ಉಳಿದ ಭಾಗ ಆಮೇಲಿನದು. ಕೆಳಗೆ ಇಬ್ಲಾದಲ್ಲಿಯೂ, ಉದ್ಯಾನದ ಬಳಿ, ಹಳೆಯ ಸಂತ ಜಾರ್ಜನ ಇಗರ್ಜಿಯ ಕತಲಾನ್ ಗಾಥಿಕ್ ಬಾಗಿಲು ಮಾತ್ರ ಉಳಿದಿದೆ. ಸವೆದ ಕಲ್ಲಿನಲ್ಲಿ ಸಂತನು ಡ್ರ್ಯಾಗನ್ನನ್ನು ಈಟಿಯಿಂದ ಇರಿಯುತ್ತಿದ್ದಾನೆ. ಅದರ ಹಿಂದಿದ್ದ ಇಗರ್ಜಿ ಈಗಿಲ್ಲ. ರೊಸಾರಿಯೊ ಗಲ್ಯಾರ್ದಿ ರೂಪಿಸಿದ, 1775ರಲ್ಲಿ ಮುಗಿದ ಹೊಸ ಸಂತ ಜಾರ್ಜ್ ಇಗರ್ಜಿ ಇಬ್ಲಾದ ಚೌಕದ ತುದಿಯಲ್ಲಿ, ಎತ್ತರದ ಸೋಪಾನದ ಮೇಲೆ, ಬೇಕೆಂದೇ ಸ್ವಲ್ಪ ಓರೆಯಾಗಿ ನಿಂತಿದೆ. ಕೆಳಗಿನಿಂದ ನೋಡುವವನಿಗೆ ಮುಂಭಾಗದ ಬಾಗಿದ ನಡುಭಾಗವೂ ಹಿಂದಿನ ಗುಮ್ಮಟವೂ ಒಟ್ಟಿಗೆ ಸಿಗುತ್ತವೆ. ಗುಮ್ಮಟ 1820ರದು. ಕಟ್ಟಡವಾಗಿ ಇದಕ್ಕಿಂತ ಸೊಗಸಾದದ್ದನ್ನು ನಾನು ಆ ದ್ವೀಪದಲ್ಲಿ ಕಾಣಲಿಲ್ಲ. ಮರುದಿನ ನೋಡಿದ ನೋತೊದ ಹೊಂಬಣ್ಣದ ದೊಡ್ಡ ಬೀದಿ ಇದರ ಮುಂದೆ ಪ್ರದರ್ಶನಕ್ಕಿಟ್ಟಂತೆ ತೋರಿತು. ಮೋದಿಕಾದ ಹೆಸರಾಂತ ಚಾಕೊಲೇಟಿನಲ್ಲಿ ಸಕ್ಕರೆಯ ಹರಳು ಕರಗದೆ ಹಲ್ಲಿಗೆ ಸಿಗುತ್ತದೆ, ಅದರ ಕೀರ್ತಿಗೆ ಕಾರಣ ನನಗೆ ತಿಳಿಯಲಿಲ್ಲ. ರಗೂಸದ ಗಟ್ಟಿ ಚೀಸು ಮತ್ತು ಟೊಮೆಟೊ ಹಾಕಿ ಮಡಚಿ ಸುಟ್ಟ ಸ್ಕಾಚಾ ಎಂಬ ರೊಟ್ಟಿ ಮಾತ್ರ ಮಾಂಸವಿಲ್ಲದ ಪೂರ್ಣ ಊಟ.

ಹೋಗುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ನಾವು ಕಾದಿರಿಸಿದ ಮನೆಯ ಯಜಮಾನರು ವಿಳಾಸದಲ್ಲಿ “ರಗೂಸದ ಹಳೆಯ ಕೇಂದ್ರ” ಎಂದಷ್ಟೇ ಬರೆದಿದ್ದರು. ಟ್ಯಾಕ್ಸಿಯವರು ಮೇಲೂರಿನಲ್ಲಿ ಇಳಿಸಿ ಹೋದರು, ಮನೆಯಿದ್ದದ್ದು ಇಬ್ಲಾದಲ್ಲಿ, ಯಜಮಾನರು ಫೋನು ಎತ್ತಲಿಲ್ಲ. ಉರಿಬಿಸಿಲಿನಲ್ಲಿ ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಸೂಟ್‌ಕೇಸು ಎತ್ತಿಕೊಂಡು ಇಳಿದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕೋಣೆ ಯಾವ ಊರಿನಲ್ಲಿದೆ, ವಾಹನ ಎಲ್ಲಿಯವರೆಗೆ ಬರುತ್ತದೆ ಎಂಬ ಎರಡನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಎರಡು ಊರುಗಳು 1865ರಲ್ಲಿ ಆಡಳಿತದಲ್ಲಿಯೂ ಬೇರೆಯಾಗಿದ್ದವು. ರಗೂಸವನ್ನು ಪ್ರಾಂತದ ರಾಜಧಾನಿಯನ್ನಾಗಿ ಮಾಡುವ ಹೊತ್ತಿಗೆ, 1926ರಲ್ಲಿ, ಮತ್ತೆ ಒಂದಾದವು. ಮೇಲೂರು ಬೆಳೆದಂತೆ ಇಬ್ಲಾ ಬರಿದಾಗುತ್ತ ಹೋಯಿತು. 1981ರಲ್ಲಿ ಅದರ ಜೀರ್ಣೋದ್ಧಾರಕ್ಕೆಂದೇ ಸಿಸಿಲಿ ಪ್ರಾಂತ್ಯ ವಿಶೇಷ ಕಾನೂನು ಮಾಡಬೇಕಾಯಿತು. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಾಲ್ ದಿ ನೋತೊದ ಎಂಟು ಊರುಗಳಲ್ಲಿ ರಗೂಸವೂ ಒಂದು. ಪ್ರವಾಸಿಗಳೆಲ್ಲ ಈಗ ಕೆಳಗೇ ನೆರೆಯುತ್ತಾರೆ. ಮೇಲಿನ ಸಂತ ಯೋಹಾನನ ಇಗರ್ಜಿಯ ಎತ್ತರದ ಜಗಲಿಯ ಮೇಲೆ ಸಂಜೆ ನಾವಿಬ್ಬರೇ ಹೊರಗಿನವರು. ಸುತ್ತ ಊರಿನ ಹೆಂಗಸರು, ಮಕ್ಕಳು, ಅಂಗಡಿ ಮುಚ್ಚಿ ಬಂದವರು. ಗಲ್ಯಾರ್ದಿಯ ಚಾತುರ್ಯ ಅಲ್ಲಿಲ್ಲ, ಆದರೂ ನನಗೆ ಆ ಜಗಲಿಯೇ ಹೆಚ್ಚು ಹಿಡಿಸಿತು. ಹಿರಿಯರು ತಮ್ಮ ಪಕ್ಷವನ್ನು ಕೊನೆಗೆ ಹೇಳಿದ್ದರು: ಅವರು ಯೋಹಾನನ ಕಡೆ, ಹೆಂಡತಿ ಇಬ್ಲಾದ ಜಾರ್ಜನ ಕಡೆ, ಆಗಸ್ಟ್ 29ರ ಯೋಹಾನನ ಉತ್ಸವಕ್ಕೆ ಆಕೆ ಮೇಲೆ ಬರುತ್ತಾರೆ, ಜಾರ್ಜನ ಉತ್ಸವಕ್ಕೆ ಇವರು ಕೆಳಗಿಳಿಯುತ್ತಾರೆ, ಆದರೆ ಮೆರವಣಿಗೆಯಲ್ಲಿ ಒಬ್ಬರ ಸಂತನಿಗೆ ಇನ್ನೊಬ್ಬರು ಹೆಗಲು ಕೊಟ್ಟದ್ದಿಲ್ಲವಂತೆ.