ಒಂದೇ ಕರಡಿನ ಮೇಲೆ ಐವರು

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ನಮ್ಮ ಪುಟ್ಟ ಪ್ರಕಟಣಾ ವಿಭಾಗದಲ್ಲಿ ರಾಗಿ ಬೆಳೆಗಾರರ ಕೈಪಿಡಿಯೊಂದರ ಕರಡು ಅರ್ಧ ತಿದ್ದಿದ ಸ್ಥಿತಿಯಲ್ಲಿತ್ತು. ಲೇಖಕರು, ಸಂಪಾದಕರಾದ ನಾವಿಬ್ಬರು, ಪ್ರೂಫ್ ನೋಡುವವರು, ಪುಟವಿನ್ಯಾಸದ ಡಿಟಿಪಿ ಮಾಡುವವರು, ಹೀಗೆ ಐವರೂ ಬೇರೆ ಬೇರೆ ಊರುಗಳಲ್ಲಿ ಉಳಿದೆವು. ಅದುವರೆಗೆ ನಮ್ಮ ಕೆಲಸ ನಡೆಯುತ್ತಿದ್ದುದು ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟಿನಲ್ಲಿ. ಒಬ್ಬರು ತಿದ್ದಿ ಇಮೇಲ್ ಮಾಡಿದ ಮೇಲೆಯೇ ಇನ್ನೊಬ್ಬರ ಸರದಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು.

ಮೊದಲ ವಾರದಲ್ಲೇ ಒಂದು ಅಧ್ಯಾಯದ ಎರಡು ಪ್ರತಿಗಳನ್ನು ನಾವಿಬ್ಬರು ಪ್ರತ್ಯೇಕವಾಗಿ ತಿದ್ದಿದೆವು. ಗೊಬ್ಬರದ ಕೋಷ್ಟಕದಲ್ಲಿ ತಪ್ಪಾಗಿ ಬಿದ್ದಿದ್ದ ‘ಎಕರೆಗೆ’ ಎಂಬುದನ್ನು ನನ್ನ ಸಹೋದ್ಯೋಗಿ ‘ಹೆಕ್ಟೇರಿಗೆ’ ಎಂದು ಸರಿಪಡಿಸಿದ್ದರು. ಪುಟವಿನ್ಯಾಸಕ್ಕೆ ಹೋದದ್ದು ಮಾತ್ರ ನನ್ನ ಪ್ರತಿ. ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ನಮ್ಮ ಮಾತು ನಂಬಿದ ರೈತರು ಎರಡೂವರೆ ಪಟ್ಟು ಗೊಬ್ಬರ ಸುರಿಯಬೇಕಾಗುತ್ತಿತ್ತು. ಮನೆಯಲ್ಲಿ ರಾಗಿ ಬೆಳೆಯುವ ಡಿಟಿಪಿಯವರು ರಾತ್ರಿ ಫೋನ್ ಮಾಡಿ, “ಮೇಡಂ, ನಮ್ಮ ಹೊಲಕ್ಕೆ ಇಷ್ಟು ಹಾಕೋದಿಲ್ಲ, ಒಂದು ಸಲ ನೋಡಿ” ಎಂದರು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಇಡೀ ಕರಡನ್ನು, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಪರಿವರ್ತಿಸಿ, ಎಲ್ಲರೂ ಒಟ್ಟಿಗೆ ತೆರೆದು ತಿದ್ದಬಹುದಾದ ಗೂಗಲ್ ಡಾಕ್ಸ್‌ಗೆ ಹಾಕಿದೆವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು. ಹಾಗಾಗಿ ‘ವರ್ಷ’, ‘ಪೂರ್ತಿ’ಯಂಥ ಪದಗಳನ್ನು ಮತ್ತೆ ಕಣ್ಣಿಟ್ಟು ಓದಬೇಕಾಯಿತು. ಆ ಶ್ರಮ ಸಾರ್ಥಕವಾದದ್ದು ಮಧ್ಯಾಹ್ನ. ಗೊಬ್ಬರದ ಕೋಷ್ಟಕವನ್ನು ಐವರೂ ಒಟ್ಟಿಗೆ ತೆರೆದಿದ್ದೆವು. ಹಳ್ಳಿಯಿಂದ ಮೊಬೈಲಿನಲ್ಲೇ ಸೇರಿಕೊಂಡ ಲೇಖಕರು, ಅಂಕಿಗಳು ಹೆಕ್ಟೇರಿನ ಲೆಕ್ಕದವೇ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದು ಖಚಿತಪಡಿಸಿದರು. ಅದರ ಕೆಳಗೆ ಡಿಟಿಪಿಯವರು, “ಸರ್, ನಮ್ಮ ಕಡೆ ಎಕರೆ, ಗುಂಟೆ ಲೆಕ್ಕವೇ ನಡೆಯೋದು” ಎಂದು ಸೇರಿಸಿದರು. ಇಮೇಲ್ ಸರದಿಯಲ್ಲಿ ಅವರ ಪಾಲಿಗೆ ಬರುತ್ತಿದ್ದುದು ತಿದ್ದಿ ಮುಗಿದ ಪ್ರತಿ ಮಾತ್ರ. ವಿಷಯದ ಬಗ್ಗೆ ಅವರನ್ನು ನಾವು ಕೇಳಿಯೇ ಇರಲಿಲ್ಲ ಎಂಬುದು ಆಗ ನನ್ನನ್ನು ಚುಚ್ಚಿತು.

ಸಂಜೆಯೊಳಗೆ ಲೇಖಕರು ಎಲ್ಲ ಅಂಕಿಗಳನ್ನೂ ಎಕರೆಗೆ ಇಳಿಸಿದರು, ಪ್ರೂಫ್ ನೋಡುವವರು ಭಾಗಾಕಾರವನ್ನು ಎರಡು ಸಲ ಪರಿಶೀಲಿಸಿದರು. 40 ಗುಂಟೆಗೆ ಒಂದು ಎಕರೆ ಎಂಬ ಸಾಲನ್ನು ಕೋಷ್ಟಕದ ಅಡಿಯಲ್ಲಿ ಡಿಟಿಪಿಯವರೇ ಬರೆದರು. ಮುದ್ರಣಕ್ಕೆ ಹೋದದ್ದೂ ಅದೇ ಸಾಲು, ಒಂದಕ್ಷರವೂ ಬದಲಾಗದೆ.