ಆಗುಂಬೆಯ ಹದಿನಾಲ್ಕು ತಿರುವು, ಎರಡು ಬ್ರೇಕು

ಘಟ್ಟ ಹತ್ತುವುದಕ್ಕೆ ನಾನೆಂದೂ ಅಂಜಿದವನಲ್ಲ. ಇಳಿಯುವುದೆಂದರೆ ಮಾತ್ರ ಎದೆ ಢವಗುಟ್ಟುತ್ತಿತ್ತು. ಮಳೆಯಲ್ಲಿ ನೆನೆದ ಇಳಿಜಾರೊಂದರಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದು ಬಿದ್ದು ಮೊಣಕೈ ತರಚಿಕೊಂಡ ಮೇಲೆ, ಸೈಕಲ್ಲು ಗಂಟೆಗೆ 25 ಕಿ.ಮೀ. ದಾಟಿತೆಂದರೆ ಸಾಕು, ಬೆರಳುಗಳು ತಾವಾಗಿಯೇ ಬ್ರೇಕಿನ ಮೇಲೆ ಬಿಗಿದುಕೊಳ್ಳುತ್ತಿದ್ದವು. ಆದ್ದರಿಂದ ತೀರ್ಥಹಳ್ಳಿಯಿಂದ ಆಗುಂಬೆಯ ಮೂಲಕ ಸೋಮೇಶ್ವರಕ್ಕೆ ಇಳಿಯುವ ಮುನ್ನ ಎರಡು ವಾರ ನಮ್ಮೂರ ಖಾಲಿ ಬಡಾವಣೆಯ ಇಳಿಜಾರಿನಲ್ಲಿ ಒಂದೇ ಕೆಲಸ ಮಾಡಿದೆ. ರಸ್ತೆಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಹಿಡಿದು, ಎಷ್ಟು ದೂರಕ್ಕೆ ನಿಂತೆನೆಂದು ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆಂದು ಶಾಲೆಯಲ್ಲಿ ಓದಿದ್ದೆನಾದರೂ, ಅದು ನಿಜವಾಗಿ ಅರ್ಥವಾದದ್ದು ಆ ಹೆಜ್ಜೆಗಳನ್ನು ಎಣಿಸಿದಾಗಲೇ. ಸೊಂಟವನ್ನು ಸೀಟಿನ ಹಿಂಬದಿಗೆ ಸರಿಸಿ ಎರಡೂ ಬ್ರೇಕುಗಳನ್ನು ಮೆಲ್ಲಗೆ ಒತ್ತುತ್ತ ಹೋದರೆ, ನಾನು ದೂರ ಇಟ್ಟಿದ್ದ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ. ಎಲ್ಲಿ ನಿಲ್ಲಬಲ್ಲೆನೆಂಬುದು ಗೊತ್ತಾದ ಮೇಲೆ ಹೆದರಿಕೆ ಅರ್ಧಕ್ಕಿಳಿದಿತ್ತು.

ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಯಿಂದ ರಸ್ತೆ 14 ಹಿಮ್ಮುರಿ ತಿರುವುಗಳಲ್ಲಿ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಸೈಕಲ್ ಇಳಿಸುವ ಸಾಹಸ ಬೇಡವೇ ಬೇಡ. ಡಿಸೆಂಬರಿನಲ್ಲೂ ಮಂಜು ಕರಗುವ ತನಕ ಮರಗಳ ನೆರಳಿನಲ್ಲಿ ಡಾಂಬರು ಒದ್ದೆಯಾಗಿರುವುದರಿಂದ ನಾವು ಒಂಬತ್ತು ಗಂಟೆಯವರೆಗೆ ಕಾದೆವು. ಹೊರಡುವ ಮುನ್ನ ಬ್ರೇಕಿನ ರಬ್ಬರ್ ಸವೆದಿದೆಯೇ, ಕೇಬಲ್ ಸಡಿಲವಾಗಿದೆಯೇ ಎಂದು ನೋಡಿಕೊಳ್ಳಿ.

ಅಷ್ಟೆಲ್ಲ ಅಭ್ಯಾಸ ಮಾಡಿದ್ದರೂ ಮೊದಲ ಎರಡು ತಿರುವುಗಳನ್ನು ನಾನು ಬ್ರೇಕ್ ಬಿಡದೆಯೇ ಇಳಿದೆ. ಮೂರನೆಯದರಲ್ಲಿ ನಿಂತಾಗ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು, ರಿಮ್ಮು ಮುಟ್ಟಲಾಗದಷ್ಟು ಕಾದಿತ್ತು, ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಕಟ್ಟೆಯ ಮೇಲೆ ಕೂತಿದ್ದ ಮಂಗವೊಂದು ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡುತ್ತಿತ್ತು. ಅಲ್ಲಿಂದ ಮುಂದೆ ನೇರ ರಸ್ತೆಯಲ್ಲಿ ಕೈ ಸಡಿಲಬಿಟ್ಟು, ತಿರುವಿಗೆ ಸಾಕಷ್ಟು ಮೊದಲೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಬಹುಮಟ್ಟಿಗೆ ಬಿಟ್ಟು ಇಳಿದೆ. ಹೊರಬದಿಯ ಪೆಡಲ್ ಕೆಳಗಿರಲಿ. ಕಣ್ಣು ತಿರುವು ಮುಗಿಯುವ ಕಡೆಗಿರಲಿ, ಏಕೆಂದರೆ ಕಂದಕ ನೋಡಿದರೆ ಸೈಕಲ್ಲೂ ಕಂದಕದ ಕಡೆಗೇ ವಾಲುತ್ತದೆ. ಎಡಕ್ಕೆ ಹೊರಳುವ ತಿರುವುಗಳಲ್ಲಿ ಇನ್ನಷ್ಟು ಎಚ್ಚರ ಬೇಕು: ವೇಗ ತುಸು ಹೆಚ್ಚಾದರೂ ಸೈಕಲ್ಲು ಬಲಕ್ಕೆ ಜಾರಿ, ಮೇಲೇರಿ ಬರುವ ವಾಹನದ ಎದುರಿಗೇ ಹೋಗಿಬಿಡುತ್ತದೆ. ಹಾರ್ನ್ ಕೇಳಿಸಿತೆಂದರೆ ನಾನು ಅಂಚಿಗೆ ಸರಿದು ನಿಂತುಬಿಡುತ್ತಿದ್ದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹದಿನಾಲ್ಕನೆಯ ತಿರುವು ದಾಟುವಷ್ಟರಲ್ಲಿ ಕರಾವಳಿಯ ಸೆಕೆ ಮುಖಕ್ಕೆ ತಾಗಿ ಜಾಕೆಟ್ ಬಿಚ್ಚಬೇಕಾಯಿತು. ಮೀಟರಿನಲ್ಲಿ ನನ್ನ ಗರಿಷ್ಠ ವೇಗ 34 ಎಂದಿತ್ತು. ಜೊತೆಗಿದ್ದ ಗೆಳೆಯ 50 ದಾಟಿದ್ದನಂತೆ, ಆದರೆ ಆ ವೇಗದಲ್ಲಿ ಎಷ್ಟು ಹೆಜ್ಜೆಗೆ ನಿಲ್ಲಬಲ್ಲೆ ಎಂದು ಕೇಳಿದರೆ ಅವನ ಬಳಿ ಉತ್ತರವಿರಲಿಲ್ಲ.