ಕಣ್ಣು ಉರೀತು, ಕೈ ಉರೀಲಿಲ್ಲ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಉಗುರಷ್ಟು ಅಗಲದ ಒಂದು ಕಲೆ ಇದೆ. ನೋಡಿದವರೆಲ್ಲ ಆಸಿಡ್ ಬಿತ್ತಾ ಅಂತ್ಲೇ ಕೇಳ್ತಾರೆ. ಅಲ್ಲ, ಕಾಸ್ಟಿಕ್ ಸೋಡಾ ಅಂದ್ರೆ ಓ ಅಷ್ಟೇನಾ ಅನ್ನೋ ಥರ ಸುಮ್ಮನಾಗ್ತಾರೆ. ಆ ಅಷ್ಟೇನಾ ಅನ್ನೋ ಭಾವನೆ ನನಗೂ ಇತ್ತು, ಲ್ಯಾಬಲ್ಲಿ ಮೂರು ವರ್ಷ ಕೆಲಸ ಮಾಡಿದ ಮೇಲೂ ಇತ್ತು, ಅದಕ್ಕೇ ಆ ದಿನ ಏನಾಯ್ತು ಅಂತ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ಆಗ ನಾನು ಪ್ರಾಜೆಕ್ಟ್ ಮಾಡ್ತಿದ್ದೆ, ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯೋ ಕೆಲಸ. ಅದಕ್ಕೆ ಕೆಲ್ಡಾಲ್ ಮೆಥಡ್, 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಕೊಟ್ಟಿದ್ದು, ಇವತ್ತಿಗೂ ನಡೀತಿದೆ. ಸ್ಯಾಂಪಲನ್ನ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕುದಿಸಿ ಅದರ ಪ್ರೋಟೀನಲ್ಲಿರೋ ನೈಟ್ರೋಜನ್ನನ್ನ ಅಮೋನಿಯಂ ಮಾಡ್ಕೋಬೇಕು, ಆಮೇಲೆ ಅದಕ್ಕೆ ಶೇಕಡಾ 40ರ ಕಾಸ್ಟಿಕ್ (ಆಸಿಡ್ಡಿಗೆ ವಿರುದ್ಧ ಗುಣದ ಕ್ಷಾರ, ಅಂದ್ರೆ ಬೇಸ್) ಬಿಟ್ರೆ ಅಮೋನಿಯಾ ಹೊರಗೆ ಬರತ್ತೆ, ಅದನ್ನ ಬೋರಿಕ್ ಆಸಿಡ್‌ನಲ್ಲಿ ಹಿಡಿದು ಟೈಟ್ರೇಟ್ ಮಾಡೋದು, ಅಂದ್ರೆ ಪ್ರಮಾಣ ಗೊತ್ತಿರೋ ಆಸಿಡ್ ಹನಿಹನಿ ಬಿಟ್ಟು ಎಷ್ಟಿದೆ ಅಂತ ಅಳೆಯೋದು. ಬೆಳಗ್ಗೆಯಿಂದ ಆಸಿಡ್ ಕೆಲಸ ನಡೀತು, ಹೊಗೆ ಹೊರಗೆಳೆಯೋ ಫ್ಯೂಮ್ ಹುಡ್ ಒಳಗೆ, ಗಾಗಲ್ಸ್ ಹಾಕ್ಕೊಂಡು, ಉಸಿರು ಬಿಗಿ ಹಿಡಿದು ಅಂತಾರಲ್ಲ ಹಾಗೆ. ಅದು ಮುಗೀತು ಅನ್ನೋ ಹೊತ್ತಿಗೆ ಸಂಜೆ ನಾಲ್ಕೂವರೆ. ಗಾಗಲ್ಸ್ ತೆಗೆದು ಗೂಟಕ್ಕೆ ಹಾಕಿ, ನಂದೇ ಮಾಮೂಲಿ ಕನ್ನಡಕ ಹಾಕ್ಕೊಂಡೆ. ಮಾರನೇ ದಿನಕ್ಕೆ ಕಾಸ್ಟಿಕ್ ಮಾಡಿಟ್ಟು ಹೋಗಿಬಿಡೋಣ ಅಂತ.

ಇಲ್ಲೊಂದು ಹೇಳ್ಬೇಕು. ನಮ್ಮ ಲ್ಯಾಬಲ್ಲಿ ಆಸಿಡ್ ಬಾಟಲಿಗಳೆಲ್ಲ ಕೆಳಗಿನ ಕಪಾಟಲ್ಲಿ ಟ್ರೇ ಒಳಗೆ ಇರ್ತಿದ್ವು, ತೆಗೀಬೇಕಂದ್ರೆ ಯಾರಿಗಾದ್ರೂ ಹೇಳಿ ತೆಗೀಬೇಕು. ಕಾಸ್ಟಿಕ್ ಸೋಡಾ ಡಬ್ಬಿ ಮಾತ್ರ ತೆರೆದ ರ್‍ಯಾಕಲ್ಲಿ ಬೇರೆ ಉಪ್ಪುಗಳ ಜೊತೆ. ಹೊಗೆ ಇಲ್ಲ, ವಾಸನೆ ಇಲ್ಲ, ಬೆಳ್ಳಗೆ ಸಣ್ಣ ಸಣ್ಣ ಪೆಲೆಟ್ಸ್. ಡಬ್ಬಿ ಮೇಲೆ ಕೈ ಕರಗ್ತಿರೋ ಚಿತ್ರ ಇತ್ತು, ಸಲ್ಫ್ಯೂರಿಕ್ ಬಾಟಲಿ ಮೇಲೆ ಇರೋ ಅದೇ ಚಿತ್ರ, ಆದ್ರೆ ಒಂದೇ ಚಿತ್ರವನ್ನ ನಾನು ಎರಡು ಥರ ಓದ್ತಿದ್ದೆ.

ಅದುವರೆಗೂ ನಾನು ಮಾಡಿದ್ದೆಲ್ಲ 0.1 ನಾರ್ಮಲ್ ದ್ರಾವಣ. ಲೀಟರಿಗೆ 4 ಗ್ರಾಂ, ಹಾಕಿ ಕಲಕಿದ್ರೆ ಬೀಕರ್ ಬೆಚ್ಚಗೂ ಆಗಲ್ಲ. ಶೇಕಡಾ 40 ಅಂದ್ರೆ ಲೀಟರಿಗೆ 400 ಗ್ರಾಂ. ನೂರು ಪಟ್ಟು. ಕೈಗೆ ಅಭ್ಯಾಸ ಆಗಿದ್ದು 4 ಗ್ರಾಂದು, ಅದೇ ಅಭ್ಯಾಸದಲ್ಲಿ 400 ಗ್ರಾಂ ತೂಗಿ, ಗಾಜಿನ ಬೀಕರಲ್ಲಿ ಸುಮಾರು 700 ಎಂಎಲ್ ನೀರು ತಗೊಂಡು, ಒಂದೇ ಸಲಕ್ಕೆ ಅಷ್ಟನ್ನೂ ಸುರಿದೆ. ಎರಡು ಸಲ ಕಲಕಿದೆ ಅಷ್ಟೆ, ಫೋನ್ ಬಂತು, ಹೊರಗೆ ಹೋದೆ. ನಾಲ್ಕೈದು ನಿಮಿಷ ಮಾತಾಡಿರಬೇಕು.

ಆ ನಾಲ್ಕೈದು ನಿಮಿಷದಲ್ಲಿ ಬೀಕರ್ ಒಳಗೆ ಏನಾಗಿತ್ತು ಅನ್ನೋದು ನನಗೆ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಗಿದ್ದು. 40 ಗ್ರಾಂ ಕಾಸ್ಟಿಕ್ ನೀರಲ್ಲಿ ಕರಗಿದ್ರೆ ಹತ್ತಿರ ಹತ್ತಿರ 44 ಕಿಲೋಜೂಲ್ ಶಾಖ ಬಿಡತ್ತೆ. 400 ಗ್ರಾಂಗೆ 440. ಒಂದು ಲೀಟರ್ ತಣ್ಣೀರನ್ನ ಕುದಿಯೋ ಹಂತಕ್ಕೆ ತರೋದಕ್ಕೆ ಬೇಕಾಗೋದು ಮುನ್ನೂರು ಚಿಲ್ಲರೆ ಕಿಲೋಜೂಲ್. ಅಂದ್ರೆ ಕೆಳಗೆ ಒಲೆ ಇಲ್ಲದೇನೇ ನಾನೊಂದು ಒಲೆ ಹಚ್ಚಿಟ್ಟು ಹೋಗಿದ್ದೆ. ಕಲಕದೇ ಬಿಟ್ಟಿದ್ದಕ್ಕೆ ಪೆಲೆಟ್ಸ್ ಎಲ್ಲ ತಳದಲ್ಲಿ ಒಂದಕ್ಕೊಂದು ಅಂಟಿ ಗಟ್ಟಿ ಹೆಂಟೆ ಆಗಿತ್ತು, ಅದರ ಸುತ್ತಲ ನೀರು ಸಿಕ್ಕಾಪಟ್ಟೆ ಬಿಸಿ, ಮೇಲಿನ ನೀರು ಅಷ್ಟಿಲ್ಲ, ನೋಡೋದಕ್ಕೆ ಶಾಂತವಾಗೇ ಇತ್ತು.

ನಾನು ಬಂದು ಹೆಂಟೆ ನೋಡಿ ಗ್ಲಾಸ್ ರಾಡ್ ತಗೊಂಡು ಒಡೆಯೋಕೆ ಅಂತ ಬಗ್ಗಿ ಚುಚ್ಚಿದೆ. ಬುಸ್ ಅಂತ ಒಂದು ಸದ್ದು, ಬೀಕರಿಂದ ನೀರು ಎದ್ದು ಬಂತು, ಅಷ್ಟೇ ಗೊತ್ತಾಗಿದ್ದು. ಕನ್ನಡಕದ ಗಾಜಿನ ಮೇಲೆ ಹನಿಗಳು, ಕೆನ್ನೆ ಮೇಲೆ ಹನಿಗಳು, ಪಕ್ಕದ ಸಂದಿಯಿಂದ ಒಂದು ಹನಿ ಬಲಗಣ್ಣಿಗೆ. ಎಡಗೈಯಲ್ಲಿ ಬೀಕರ್ ಹಿಡಿದಿದ್ದೆ, ಗ್ಲೌಸ್ ಅಂಚಿಗೂ ಏಪ್ರನ್ ತೋಳಿಗೂ ನಡುವೆ ವಾಚ್ ಇತ್ತು, ಅಲ್ಲಿಗೂ ಬಿದ್ದಿತ್ತು. ಆದ್ರೆ ಆ ಕ್ಷಣಕ್ಕೆ ನನಗೆ ಇದ್ದಿದ್ದು ಕಣ್ಣು ಒಂದೇ. ಆ ಉರಿಯನ್ನ ಹೇಗೆ ಬರೆಯೋದೋ ಗೊತ್ತಿಲ್ಲ, ರೆಪ್ಪೆ ತಾನಾಗೇ ಗಟ್ಟಿಯಾಗಿ ಮುಚ್ಚಿಕೊಂಡುಬಿಡ್ತು.

ಪಕ್ಕದ ಬೆಂಚಲ್ಲಿ ಸೀನಿಯರ್ ಅಕ್ಕ ಒಬ್ಬರು ಇದ್ರು. ನಾನು ಕೂಗಿದ್ದಕ್ಕೆ ಅವರು ಏನೂ ಕೇಳ್ಲಿಲ್ಲ, ನನ್ನ ತೋಳು ಹಿಡ್ಕೊಂಡು ಎಳೆದುಕೊಂಡೇ ಕಣ್ಣು ತೊಳೆಯೋ ಐವಾಶ್ ನಲ್ಲಿ ಹತ್ರ ಓಡಿದ್ರು. ಅದರ ಮುಂದೆ ಖಾಲಿ ರಟ್ಟಿನ ಡಬ್ಬಗಳನ್ನ ಪೇರಿಸಿಟ್ಟಿದ್ವಿ, ಅವನ್ನ ಕಾಲಲ್ಲೇ ಒದ್ದು ಜಾಗ ಮಾಡಿದ್ರು. ನೀರು ಬಿಟ್ಟು ನನ್ನ ತಲೆ ಬಗ್ಗಿಸಿ, "ಕಣ್ಣು ಬಿಡೇ, ಬಿಡು, ಮುಚ್ಚಬೇಡ, ಸುತ್ತ ತಿರುಗಿಸು" ಅಂತ ಹೇಳ್ತಾ ಅವರೇ ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದ್ರು. ಇದು ಯಾರಿಗೂ ತಾನೊಬ್ಬನೇ ಮಾಡ್ಕೊಳ್ಳೋಕೆ ಆಗೋ ಕೆಲಸ ಅಲ್ಲ ಅಂತ ನನಗೆ ಅವತ್ತೇ ಅರ್ಥ ಆಗಿದ್ದು, ಒಬ್ಬರೇ ಇರೋವಾಗ ಇಂಥ ಕೆಲಸ ಮಾಡಬೇಡಿ ಅಂತ ಹೇಳೋದು ಸುಮ್ಮನೆ ಅಲ್ಲ.

ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬೋರಿಕ್ ಆಸಿಡ್ ಫ್ಲಾಸ್ಕ್ ತಗೊಂಡು ಬಂದ, ಇದು ಮೈಲ್ಡ್ ಆಸಿಡ್ ಅಲ್ವಾ ಅಕ್ಕ, ಕಾಸ್ಟಿಕನ್ನ ನ್ಯೂಟ್ರಲ್ ಮಾಡತ್ತೆ ಅಂತ. ಒಳ್ಳೇ ಮನಸ್ಸಿಂದಾನೇ ತಂದಿದ್ದ. ಅಕ್ಕ ಗದರಿಬಿಟ್ರು, "ಇಡು ಅತ್ಲಾಗೆ, ನೀರು ಬಿಟ್ಟು ಬೇರೆ ಏನೂ ಬೇಡ". ಟೆಸ್ಟ್ ಟ್ಯೂಬಲ್ಲಿ ಆಸಿಡ್ಡೂ ಬೇಸೂ ಸೇರಿದ್ರೆ ಶಾಖ ಬರತ್ತೆ ಅಂತ ನಾವೇ ಪ್ರಾಕ್ಟಿಕಲಲ್ಲಿ ಮಾಡಿರ್ತೀವಿ, ಆ ಶಾಖ ಕಣ್ಣಿನ ಮೇಲೆ ಆದ್ರೆ ಸುಟ್ಟ ಜಾಗ ಇನ್ನೊಂದು ಸಲ ಸುಡತ್ತೆ. ಅದಕ್ಕಿಂತ ಮುಖ್ಯ, ಅದನ್ನ ಹುಡುಕೋ ಹೊತ್ತಲ್ಲಿ ನೀರು ನಿಲ್ಲತ್ತೆ.

15 ನಿಮಿಷ ಅಂತ ಚಾರ್ಟಲ್ಲಿ ಓದೋದು ಸುಲಭ. ನೀರಿಗೆ ಕಣ್ಣೊಡ್ಡಿಕೊಂಡು 15 ನಿಮಿಷ ನಿಲ್ಲೋದು ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ಮೂರನೇ ನಿಮಿಷಕ್ಕೇ ಸಾಕು ಅಕ್ಕ ಈಗ ಕಡಿಮೆ ಆಯ್ತು ಅಂದೆ, ಅವರು ಗಡಿಯಾರ ನೋಡ್ತಾ ಬಿಡ್ಲೇ ಇಲ್ಲ, ಇಪ್ಪತ್ತು ನಿಮಿಷ ಹಿಡ್ಕೊಂಡ್ರು. ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಕೈಯಲ್ಲಿ ಕಾಸ್ಟಿಕ್‌ನ ಸೇಫ್ಟಿ ಶೀಟ್ ಪ್ರಿಂಟ್ ತಗೊಂಡೇ ಬಂದಿದ್ರು, ಡಾಕ್ಟ್ರಿಗೆ ವಿವರಿಸೋ ಸಮಯ ಉಳೀತು. ಅಲ್ಲಿ ಪಿಎಚ್ ಪೇಪರ್ ತುದಿಯನ್ನ ಕಣ್ಣಿನ ಅಂಚಿಗೆ ಮುಟ್ಟಿಸಿ ನೋಡಿದ್ರು, ಕ್ಷಾರ ಇನ್ನೂ ಸ್ವಲ್ಪ ಉಳಿದಿದೆ ಅಂತ ಸಲೈನಲ್ಲಿ ಮತ್ತೆ ತೊಳೆದ್ರು. ಕೇಸರಿ ಬಣ್ಣದ ಡೈ ಹಾಕಿ ನೀಲಿ ಬೆಳಕಲ್ಲಿ ನೋಡಿದಾಗ ಕಾರ್ನಿಯಾ ಮೇಲೆ ಸಣ್ಣ ಗಾಯ ಹಸಿರಾಗಿ ಹೊಳೀತಿತ್ತಂತೆ. ಒಂದು ವಾರ ಡ್ರಾಪ್ಸ್ ಹಾಕಿದೆ, ಪೂರ್ತಿ ವಾಸಿ ಆಯ್ತು. ಆ ಇಪ್ಪತ್ತು ನಿಮಿಷ ಇಲ್ಲದಿದ್ರೆ ನಾನಿವತ್ತು ಎರಡು ಕಣ್ಣಿಂದ ಇದನ್ನ ಟೈಪ್ ಮಾಡ್ತಿರ್ಲಿಲ್ಲ ಅನ್ನೋದು ನನ್ನ ನಂಬಿಕೆ.

ಇಷ್ಟೆಲ್ಲ ಆಗೋವರೆಗೂ ಕೈ ನೆನಪೇ ಇಲ್ಲ.

ಬಿಪಿ ನೋಡೋಕೆ ಅಂತ ನರ್ಸ್ ವಾಚ್ ಬಿಚ್ಚಿ ಅಂದಾಗ, ಬಿದ್ದು ಒಂದೂವರೆ ಗಂಟೆ ಆಗಿತ್ತು. ಲೆದರ್ ಸ್ಟ್ರ್ಯಾಪ್ ಒದ್ದೆಯಾಗಿ ಉಬ್ಬಿ ಲೋಳೆ ಲೋಳೆ ಆಗಿತ್ತು, ಬಿಚ್ಚಿದ್ರೆ ಕೆಳಗಿನ ಚರ್ಮ ಬೂದು ಬಣ್ಣ, ಮುಟ್ಟಿದ್ರೆ ನೆನೆದ ಸೋಪಿನ ಥರ ಜಾರ್ತಿತ್ತು. ನೋವೇ ಇಲ್ಲ. ನಾನು ನಿಜವಾಗಿ ಹೆದರಿದ್ದು ಆಗ, ಕಣ್ಣಿಗೆ ಬಿದ್ದಾಗಲೂ ಅಷ್ಟು ಹೆದರಿರ್ಲಿಲ್ಲ.

ಆಸಿಡ್ ಬಿದ್ರೆ ಸಾಮಾನ್ಯವಾಗಿ ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿ ಮೇಲೊಂದು ಪದರ ಆಗತ್ತೆ, ಆ ಪದರ ಸ್ವಲ್ಪ ಮಟ್ಟಿಗೆ ಒಳಗೆ ಇಳಿಯೋದನ್ನ ತಡೆಯತ್ತೆ. ಹೈಡ್ರೋಫ್ಲೋರಿಕ್ ಆಸಿಡ್ ಥರದ್ದಕ್ಕೆ ಈ ಮಾತು ಹೇಳೋ ಹಾಗಿಲ್ಲ, ಅದು ಬೇರೆಯೇ ಕಥೆ. ಕಾಸ್ಟಿಕ್ ಹಾಗಲ್ಲ, ಅದು ಕರಗಿಸ್ತಾ ಹೋಗತ್ತೆ. ಚರ್ಮದ ಕೊಬ್ಬನ್ನ ಸೋಪು ಮಾಡತ್ತೆ, ನಾವು ಬೆರಳಲ್ಲಿ ಉಜ್ಜಿದಾಗ ಜಾರತ್ತಲ್ಲ, ಅದರಲ್ಲಿ ನಮ್ಮದೇ ಕೊಬ್ಬಿನ ಸೋಪೂ ಇರತ್ತೆ. ಪ್ರೋಟೀನನ್ನೂ ಒಡೆಯತ್ತೆ, ಅಡ್ಡ ಪದರ ಏನೂ ಉಳಿಯಲ್ಲ, ಹಾಗಾಗಿ ಸುಮ್ಮನೆ ಆಳಕ್ಕೆ ಇಳೀತಾನೇ ಇರತ್ತೆ, ಚರ್ಮದಲ್ಲಿ ನೋವು ಬರೋದು ಎಷ್ಟೋ ಸಲ ತುಂಬಾ ಹೊತ್ತಾದ ಮೇಲೆ. ನನ್ನ ವಾಚಿನ ಪಟ್ಟಿಯೂ ಚರ್ಮವೇ ಅಲ್ವಾ, ಅದನ್ನೂ ತಿಂದು, ಅದರೊಳಗೇ ಉಳಿದು, ಒಂದೂವರೆ ಗಂಟೆ ನನ್ನ ಕೈಗೆ ಅಂಟಿಕೊಂಡು ಕೂತಿತ್ತು. ಕಣ್ಣು ತೊಳೀವಾಗ ಕೈ ಮೇಲೂ ನೀರು ಬಿದ್ದಿರತ್ತೆ, ಆದ್ರೆ ಪಟ್ಟಿ ಕೆಳಗೆ ಹೋಗಿರ್ಲಿಲ್ಲ. ಕಣ್ಣು ಉರಿದಿದ್ದಕ್ಕೆ ಉಳೀತು, ಕೈ ಉರಿಯದೇ ಇದ್ದಿದ್ದಕ್ಕೆ ಸುಟ್ಟಿತು. ವಾಸಿ ಆಗೋಕೆ ಐದು ವಾರ ಬೇಕಾಯ್ತು, ನೋವು ಮಾರನೇ ದಿನದಿಂದ ಚೆನ್ನಾಗೇ ಬಂತು.

ಈಗ ನಾನು ಶೇಕಡಾ 40 ಮಾಡೋದು ಹೇಗೆ ಅಂದ್ರೆ, ಮೊದಲು ವಾಚು ಉಂಗುರ ಎಲ್ಲ ತೆಗೆದು ಡ್ರಾಯರಿಗೆ. ಸುತ್ತ ಮುಚ್ಚೋ ಸ್ಪ್ಲಾಶ್ ಗಾಗಲ್ಸ್ ಕನ್ನಡಕದ ಮೇಲೇ, ಉದ್ದದ ನೈಟ್ರೈಲ್ ಗ್ಲೌಸ್, ಏಪ್ರನ್ ತೋಳು ಅದರ ಅಂಚನ್ನ ದಾಟೋ ಹಾಗೆ. ಗಾಜಲ್ಲ, ದೊಡ್ಡ ಪಾಲಿಪ್ರೊಪಿಲಿನ್ ಬೀಕರ್, ಅದು ಐಸ್ ಹಾಕಿದ ಟಬ್ಬಲ್ಲಿ. ತಣ್ಣೀರು ಮೊದಲು, ಪೆಲೆಟ್ಸ್ ಆಮೇಲೆ, ಒಂದೊಂದು ಚಮಚದ ಹಾಗೆ, ಮ್ಯಾಗ್ನೆಟಿಕ್ ಸ್ಟಿರರ್ ತಿರುಗ್ತಾನೇ ಇರಬೇಕು, ಹಾಕಿದ್ದು ಕರಗಿದ ಮೇಲೇ ಮುಂದಿನದು. ಬಿಸಿನೀರಿಗೆ ಹಾಕೋದು, ಪೆಲೆಟ್ಸ್ ಮೇಲೆ ನೀರು ಸುರಿಯೋದು, ಎರಡೂ ಇಲ್ಲ. ಮುಕ್ಕಾಲು ಗಂಟೆ ಹಿಡಿಯತ್ತೆ, ಹಿಡೀಲಿ, ಆ ಹೊತ್ತಲ್ಲಿ ಫೋನ್ ಎತ್ತಲ್ಲ. ಕೆಳಗೆ ಬಿದ್ದ ಪೆಲೆಟ್ ಕೂಡ ಆಗಿಂದಾಗ್ಲೇ ಎತ್ತಿಬಿಡಬೇಕು, ಗಾಳಿಯ ತೇವ ಎಳ್ಕೊಂಡು ಸ್ವಲ್ಪ ಹೊತ್ತಲ್ಲೇ ನೀರಿನ ಹನಿ ಥರ ಆಗತ್ತೆ, ಆಮೇಲೆ ಯಾರೋ ಅದನ್ನ ನೀರು ಅಂದ್ಕೊಂಡು ಕೈಯಲ್ಲೇ ಒರೆಸ್ತಾರೆ. ಬಟ್ಟೆ ಮೇಲೆ ಒಣ ಪೆಲೆಟ್ ಬಿದ್ರೆ ಮೊದಲು ಕೊಡವಿ ಆಮೇಲೆ ನೀರು. ಅಲ್ಯೂಮಿನಿಯಂ ಫಾಯಿಲ್ ಹತ್ರಾನೂ ತರಲ್ಲ, ಅದರ ಜೊತೆ ಸೇರಿದ್ರೆ ಹೈಡ್ರೋಜನ್ ಬರತ್ತೆ. ಪೂರ್ತಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಬಾಟಲಿಗೆ ಹಾಕ್ತೀನಿ, ಗಾಜಿನ ಬಾಟಲಿಯಲ್ಲಿಟ್ರೆ ಗಾಜನ್ನೇ ನಿಧಾನಕ್ಕೆ ತಿಂದು ಮುಚ್ಚಳ ಕಚ್ಕೊಂಡುಬಿಡತ್ತೆ, ಕಚ್ಕೊಂಡಿರೋ ಮುಚ್ಚಳ ಜಗ್ಗೋದಂತೂ ಮತ್ತೊಂದು ಅಪಾಯ.

ಐವಾಶ್ ಮುಂದೆ ನೆಲಕ್ಕೆ ಹಳದಿ ಟೇಪ್ ಅಂಟಿಸಿದೀನಿ, ಅದರೊಳಗೆ ಏನೂ ಇಡೋ ಹಾಗಿಲ್ಲ. ಪ್ರತಿ ಸೋಮವಾರ ಒಂದು ಸಲ ನೀರು ಬಿಟ್ಟು ನೋಡ್ತೀನಿ, ಪೈಪಲ್ಲಿ ನಿಂತ ತುಕ್ಕು ನೀರು ಹೋಗೋವರೆಗೂ ಬಿಡ್ತೀನಿ. ಬಾಟಲಿ ಮೇಲೆ ಹೆಸರು, ಪ್ರಮಾಣ, ತಾರೀಖಿನ ಕೆಳಗೆ ದಪ್ಪ ಅಕ್ಷರದಲ್ಲಿ ಉರಿ ಇಲ್ಲದಿದ್ರೂ ತೊಳೀರಿ ಅಂತ ಬರೀತೀನಿ.

ಮೊನ್ನೆ ಒಬ್ಬ ಹುಡುಗ ಬಂದ. "ಮೇಡಂ, ಸ್ವಲ್ಪ ತಾಗಿರಬೇಕು, ಏನೂ ಆಗಿಲ್ಲ, ಬೆರಳು ಜಾರ್ತಾ ಇದೆ ಅಷ್ಟೆ, ಲೇಬಲ್ ನೋಡಿ ಬಂದೆ" ಅಂದ. ನಲ್ಲಿ ತಿರುಗಿಸಿ ಅವನ ಕೈ ನೀರಿಗೆ ಹಿಡಿಸಿ, ಗೋಡೆ ಗಡಿಯಾರ ನೋಡ್ತಾ ಪಕ್ಕದಲ್ಲೇ ನಿಂತೆ.